ಡಾಸಿನೊಳಗೆ ಬಚ್ಚಿಟ್ಟ ನಾನೂರ ಹನ್ನೊಂದು ದಿನ

ಮದುವೆಯಾದ ಹೆಣ್ಣಿಗೆ ದಿನಚರಿ ಬರೆಯುವುದು ಕಷ್ಟವಲ್ಲ, ಬರೆದದ್ದನ್ನು ಬಚ್ಚಿಡುವುದು ಕಷ್ಟ. ಅಟ್ಟೂರು ಲೇಔಟಿನ ಎರಡು ಕೋಣೆಯ ಮನೆಯಲ್ಲಿ ವನಿತಾ ಈ ಸಂಶೋಧನೆಗೆ ಮೂರು ವರ್ಷ ಸವೆಸಿದ್ದಳು. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿಟ್ಟರೆ ಗಂಡ ನಂದಕುಮಾರ್ ಕರವಸ್ತ್ರ ಹುಡುಕುತ್ತಾ ಸೀದಾ ಅಲ್ಲಿಗೇ ಕೈಹಾಕುತ್ತಿದ್ದ (ಅವನ ಕರವಸ್ತ್ರ ಎಂದೂ ಅಲ್ಲಿ ಇದ್ದದ್ದಿಲ್ಲ). ರಾಗಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟದ್ದು ಮಗಳು ಇಂಚರಾಳ ಕೈಗೆ ಸಿಕ್ಕಿ, ಜನವರಿಯಿಂದ ಮಾರ್ಚ್‌ವರೆಗಿನ ದುಃಖವೆಲ್ಲ ನೇರಳೆ ಬಣ್ಣದ ಆನೆಗಳ ಕಾಲಡಿಗೆ ಹೋಯಿತು. ಕೊನೆಗೊಂದು ಭಾನುವಾರ ನಂದಕುಮಾರ್ ಇಡ್ಲಿ ಮುರಿಯುತ್ತಾ, ತನ್ನ ಗೊರಕೆಯನ್ನು ಯಲಹಂಕದ ಏರ್ ಶೋಗೆ ಹೋಲಿಸಿದ ಸಾಲನ್ನು ಅಕ್ಷರ ತಪ್ಪದೆ ಒಪ್ಪಿಸಿದ. ಅಂದೇ ಅವಳು ಕಾಗದದ ಸಹವಾಸ ಬಿಟ್ಟಳು.

ಆಗ ಕಣ್ಣಿಗೆ ಬಿದ್ದದ್ದು ಮಾವನವರ ಕಂಪ್ಯೂಟರು.

ಮಾವ ಶೇಖರಪ್ಪನವರು ಯಶವಂತಪುರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಪಾಠ ಹೇಳಿದವರು. ಕೇಂದ್ರ ಮುಚ್ಚಿದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಜೊತೆಗೆ ಒಂದು ಯಂತ್ರವನ್ನೂ ಕೊಟ್ಟು ಕಳಿಸಿದ್ದರು. ಹಣ್ಣು ಅಂದೇ ಮುಗಿಯಿತು. ಯಂತ್ರ ಮಾತ್ರ ಅತ್ತೆ ಹೊಲಿದುಕೊಟ್ಟ ಹೂವಿನ ಗವಸು ಹೊದ್ದುಕೊಂಡು ಹಾಲಿನ ಮೂಲೆಯಲ್ಲಿ ಕೂತೇ ಇತ್ತು. ಆ ಕಾಲದಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ದೇವಸ್ಥಾನದಲ್ಲಿ ಬಿಡುವ ಹಾಗೆ ಚಪ್ಪಲಿ ಬಿಡಬೇಕಿತ್ತಂತೆ, ಧೂಳಿಗೆ ಯಂತ್ರ ಕೆಡುತ್ತದೆಂದು. ಊರಿನವರೆಲ್ಲ ಆ ಭಯ ಮರೆತರೂ ಶೇಖರಪ್ಪನವರು ಮರೆತಿರಲಿಲ್ಲ. ಮನೆಯೊಳಗಿನ ಹವಾಯಿ ಚಪ್ಪಲಿಯನ್ನೂ ಕಳಚಿಟ್ಟೇ ಗವಸಿಗೆ ಕೈಹಚ್ಚುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಮಾವನವರ ಮಾತು ಕಡಿಮೆಯಾಗಿ, ಉಳಿದದ್ದು ಒಂದೇ ವಿಷಯ. ಸಂಜೆ ವನಿತಾ ಹುರುಳಿಕಾಯಿ ನಾರು ತೆಗೆಯುತ್ತಾ ಕೂತರೆ ಅವರು ಎದುರಿಗೆ ಕೂತು ಕಂಪ್ಯೂಟರುಗಳ ವಂಶಾವಳಿ ಶುರುಮಾಡುವರು. ಮೊದಲಿಗೆ ಸಿಪಿಎಂ ಎಂಬ ಮೂಲಪುರುಷ (ರಾಜಕೀಯ ಪಕ್ಷವಲ್ಲ, ಯಂತ್ರ ನಡೆಸುತ್ತಿದ್ದ ತಂತ್ರಾಂಶ). ಆ ಕಾಲದ ಯಂತ್ರಕ್ಕೆ ಬೆಳಿಗ್ಗೆ ಎದ್ದರೆ ತಾನು ಯಾರೆಂಬುದೇ ನೆನಪಿರುತ್ತಿರಲಿಲ್ಲ. ಫ್ಲಾಪಿ ಎಂಬ ತೆಳು ತಟ್ಟೆಯೊಂದನ್ನು ಬಾಯಿಗಿಟ್ಟು ನೆನಪಿಸಬೇಕು, ಆಮೇಲೆ ಅದನ್ನು ತೆಗೆದು ಕೆಲಸದ ಇನ್ನೊಂದು ಫ್ಲಾಪಿ ಇಡಬೇಕು. ನಂತರ ಡಾಸ್ ಎಂಬ ಚಕ್ರವರ್ತಿ: ಕಪ್ಪು ಪರದೆ, ಮಿನುಗುವ ಒಂದು ಗೆರೆ, ನೀವು ಅಪ್ಪಣೆ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ಬಣ್ಣದ ಅಂಗಿ ತೊಟ್ಟ ವಿಂಡೋಸ್ ಬಂತು, ಮೊದಮೊದಲು ಅದೂ ಡಾಸಿನ ಹೆಗಲ ಮೇಲೇ ಕೂತು ಬಂದದ್ದು. ತೊಂಬತ್ತೈದರಲ್ಲಿ ಸ್ಟಾರ್ಟ್ ಗುಂಡಿ ಬಂತು. ಅಲ್ಲಿಗೆ ಶೇಖರಪ್ಪನವರು ಕಥೆ ನಿಲ್ಲಿಸಿ ಕೈ ಒದರುತ್ತಿದ್ದರು. "ಅದಾದ್ಮೇಲೆ ಬಂದಿದ್ದೆಲ್ಲಾ ಸೋಮಾರಿತನ ಕಣಮ್ಮಾ."

ಇದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ಹೆಬ್ಬಾಳದ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ನಂದಕುಮಾರ್ ಈಚೆಗೆ, ಅಂದರೆ ಎರಡು ಸಾವಿರದ ಹದಿಮೂರರಲ್ಲಿ, ವಿಂಡೋಸ್ ಎಂಟು ಇರುವ ಹೊಸ ಲ್ಯಾಪ್‌ಟಾಪ್ ತಂದಿದ್ದ. ಅದರಲ್ಲಿ ಸ್ಟಾರ್ಟ್ ಗುಂಡಿಯೇ ಮಾಯವಾಗಿತ್ತು. ಹದಿನೈದು ದಿನವಾದರೂ ಯಂತ್ರ ಆರಿಸುವ ಜಾಗ ಎಲ್ಲಿದೆಯೆಂದು ತಿಳಿಯದೆ ಅವನು ಮುಚ್ಚಳ ಮುಚ್ಚಿ ಎದ್ದುಹೋಗುತ್ತಿದ್ದ. ಇಂಥವನ ಮುಂದೆ ಡಾಸಿನ ಕಪ್ಪು ಪರದೆ ಇಟ್ಟರೆ? ವನಿತಾ ಎರಡು ವರ್ಷದ ಹಿಂದೆಯೇ ಪರೀಕ್ಷೆ ಮಾಡಿದ್ದಳು. ಅವನು ಎರಡು ನಿಮಿಷ ಮೌಸ್ ಹುಡುಕಿ, "ಇದ್ರಲ್ಲಿ ಏನೂ ಇಲ್ವಲ್ಲೇ" ಎಂದು ಎದ್ದಿದ್ದ.

ಆ ಪರೀಕ್ಷೆ ಮುಗಿದ ವಾರವೇ ಅವಳು ಮಾವನ ಶಿಷ್ಯೆಯಾಗಿದ್ದಳು. ಬರೆಯುವುದಕ್ಕೆ ಒಂದು ಸರಳ ಅಪ್ಪಣೆ ಸಾಕು ಎಂದು ಅವರು ಹೇಳಿಕೊಟ್ಟರು: ಕಾಪಿ ಕಾನ್ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಬರಹಕ್ಕೊಂದು ಹೆಸರು ಕೊಟ್ಟು, ಎಂಟರ್ ಒತ್ತಿ ಬರೆಯುತ್ತಾ ಹೋಗುವುದು. ಮುಗಿದ ಮೇಲೆ ಕಂಟ್ರೋಲ್ ಮತ್ತು ಜೆಡ್. ಒಂದು ಸಾಲು ದಾಟಿದರೆ ತಿದ್ದಲು ಹಿಂದೆ ಹೋಗುವಂತಿಲ್ಲ (ಸಂಸಾರದಲ್ಲೂ ಹಾಗೆಯೇ ಎಂದು ವನಿತಾಗೆ ಇದು ಒಗ್ಗಿತು). ಕೊನೆಯಲ್ಲಿ ಯಂತ್ರ "ಒಂದು ಫೈಲ್ ಕಾಪಿಯಾಯಿತು" ಎಂದು ರಸೀದಿ ಕೊಡುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ದಿನಕ್ಕೊಂದು ಹೆಸರು ಕೊಟ್ಟಳು: ವನಿತಾದಿನ ಒಂದು, ವನಿತಾದಿನ ಎರಡು, ಹೀಗೆ. ಇಂಚರಾ ಮಧ್ಯಾಹ್ನ ಮಲಗಿದ ದಿನಗಳಲ್ಲಿ ಆ ಹೊತ್ತೇ ವನಿತಾಳ ಆಸ್ಥಾನ. ಗಂಡ ಬನಶಂಕರಿಯ ಮದುವೆಗೆ ಇವಳನ್ನು ಮರೆತು ಒಬ್ಬನೇ ಹೋದದ್ದು, ಮಾವ ಉಪ್ಪು ಕಡಿಮೆಯೆಂದು ಬಾಯಲ್ಲಿ ಹೇಳದೆ ಹುಬ್ಬಿನಲ್ಲಿ ಹೇಳಿದ್ದು, ತಾನು ಒಂದು ದಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ಅತ್ತದ್ದು, ಎಲ್ಲ ಒಳಗೆ ಹೋಯಿತು. ಹಳೆಯದನ್ನು ತೆರೆದು ಓದುವ ಪುರುಸೊತ್ತು ಯಾವ ತಾಯಿಗಿದೆ? ಒಳಗಿದೆ ಎಂಬ ಧೈರ್ಯವೇ ಸಾಕಾಗಿತ್ತು. ಮನೆಯಲ್ಲಿ ಅವಳದ್ದು ಅಂತ ಬೀಗ ಹಾಕಿದ ಜಾಗ ಅದೊಂದೇ.

ನಾನೂರರ ಗಡಿ ದಾಟಿದ ವಾರದಲ್ಲಿ ಮೇಲಿನ ಮನೆಯ ತಾಹೆರಾ ಇಳಿದು ಬಂದಳು. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಶನಿವಾರ ಅವರ ಕಾಲೇಜಿನಲ್ಲಿ ಹಳೆಯ ಕಂಪ್ಯೂಟರುಗಳ ಪ್ರದರ್ಶನ. ಡಾಸ್ ಓಡುವ ಯಂತ್ರ ಇಡೀ ಯಲಹಂಕದಲ್ಲಿ ಇವರ ಮನೆಯಲ್ಲಿ ಮಾತ್ರ ಇದೆ. ಅಂಕಲ್ ಬಂದು ವಿದ್ಯಾರ್ಥಿಗಳಿಗೆ ಒಂದು ಗಂಟೆ ಪಾಠ ಹೇಳಬೇಕು. ಶೇಖರಪ್ಪನವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಹದಿನೈದು ವರ್ಷದಿಂದ ಅವರನ್ನು ಹೊರಗಿನವರು ಯಾರೂ ಪಾಠ ಹೇಳಿ ಎಂದು ಕೇಳಿರಲಿಲ್ಲ.

"ಹುಡುಗ್ರು ಕೈಯಲ್ಲೇ ಟೈಪ್ ಮಾಡಿ ನೋಡ್ಬಹುದಾ ಅಂಕಲ್?" ಎಂದಳು ತಾಹೆರಾ.

"ಮಾಡ್ಲೇಬೇಕಮ್ಮ. ಮೊದಲನೇ ಪಾಠವೇ ಡಿಐಆರ್. ಒಳಗೆ ಏನೇನಿದೆ ಅಂತ ಪೂರ್ತಿ ಪಟ್ಟಿ ಬಂದ್ಬಿಡುತ್ತೆ."

ಕಾಫಿ ತಂದಿದ್ದ ವನಿತಾ ಲೋಟಗಳನ್ನು ಯಾರಿಗೂ ಕೊಡದೆ ಮತ್ತೆ ಅಡುಗೆಮನೆಗೆ ಒಯ್ದಳು. ನಾನೂರು ದಿನಗಳ ಗೊರಕೆ, ಹುಬ್ಬು, ಕಣ್ಣೀರು ಸೋಲದೇವನಹಳ್ಳಿಯ ಕಾಲೇಜಿನ ಗೋಡೆಯ ಮೇಲೆ ಮೂಡುವ ದೃಶ್ಯ ಅವಳ ಕಣ್ಣಮುಂದೆ ಹಾದುಹೋಯಿತು. ಬೇಡವೆನ್ನೋಣವೆಂದರೆ ಮಾವ ಆಗಲೇ ಒಳಗೆ ಹೋಗಿ ಅಂಗಿ ಆರಿಸುತ್ತಿದ್ದರು. ಹೂಂ ಎನ್ನೋಣವೆಂದರೆ ಮಾನ ಹೋಗುತ್ತದೆ. ತೆಗೆದುಹಾಕೋಣವೆಂದರೆ ಅವಳು ಕೇಳಿ ಕಲಿತದ್ದು ಬರೆಯುವ ಅಪ್ಪಣೆ ಒಂದೇ. ಒಳಗೆ ಹಾಕುವುದು ಗೊತ್ತು, ಹೊರಗೆ ತೆಗೆಯುವುದು ಗೊತ್ತಿಲ್ಲ.

ಆ ವಾರವೆಲ್ಲ ಅವಳು ಸುತ್ತುಬಳಸಿ ಪ್ರಯತ್ನಿಸಿದಳು. ಡಾಸಿನಲ್ಲಿ ಬರೆದದ್ದನ್ನು ಅಳಿಸುವ ಪದ್ಧತಿ ಇತ್ತೇ ಎಂದು ಮಾವನನ್ನು ಕೇಳಿದರೆ ಅವರು ಸಂತೋಷದಿಂದ ಸಿಪಿಎಂ ಕಾಲದಿಂದ ಆರಂಭಿಸಿದರು. ಅಳಿಸುವ ಘಟ್ಟ ಬರುವ ಮೊದಲೇ ಸಾರು ಉಕ್ಕಿತು. ಇಷ್ಟು ಹಳೆಯ ಯಂತ್ರವನ್ನು ಹೆಸರಘಟ್ಟ ರಸ್ತೆಯ ಗುಂಡಿಗಳಲ್ಲಿ ಸಾಗಿಸುವುದು ಸರಿಯೇ ಎಂದು ಗಂಡನಲ್ಲಿ ಆತಂಕ ತೋಡಿಕೊಂಡಳು. ಅವನು ಅಪ್ಪನ ಮುಖ ಎಷ್ಟು ದಿನದ ಮೇಲೆ ಹೀಗೆ ಅರಳಿದೆ ನೋಡು ಎಂದ. ಅವಳೂ ನೋಡಿದ್ದಳು, ಕಷ್ಟ ಇದ್ದದ್ದೇ ಅಲ್ಲಿ. ಇಷ್ಟರ ನಡುವೆಯೂ ದಿನಚರಿ ನಿಲ್ಲಲಿಲ್ಲ (ಚಟ ಅಂದರೆ ಅದು). ಗುರುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೂರ ಹನ್ನೊಂದನೆಯದನ್ನೂ ಬರೆದು ಮುಗಿಸಿದಳು.

ಶುಕ್ರವಾರ ಮಧ್ಯಾಹ್ನ ಶೇಖರಪ್ಪನವರು ಯಂತ್ರ ಒರೆಸಲು ಚಪ್ಪಲಿ ಬಿಟ್ಟಾಗ ವನಿತಾ ಬಾಗಿಲಿಗೆ ಒರಗಿ ನಿಂತು, ನೆಲ ನೋಡುತ್ತಾ, ಎಲ್ಲವನ್ನೂ ಹೇಳಿಬಿಟ್ಟಳು. ಅವರು ಬಟ್ಟೆ ಕೆಳಗಿಟ್ಟರು. ಏನು ಬರೆದಿದ್ದೀಯ ಎಂದು ಕೇಳಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಯಂತ್ರಕ್ಕೆ ಬೆನ್ನು ಮಾಡಿ ಕೂತರು.

"ನಾನು ನೋಡಲ್ಲ. ನೀನು ಕೂತ್ಕೋ. ನಾನು ಇಲ್ಲಿಂದ ಹೇಳ್ತೀನಿ, ನೀನು ಹೊಡಿ. ಎಲ್ಲಾನೂ ಫ್ಲಾಪಿಗೆ ಇಳ್ಸಿ ನಿನ್ನ ಕೈಗೆ ಕೊಡ್ತೀನಿ."

ಕಣ್ಣು ಮುಚ್ಚಿ, ಹಳೆಯ ತರಗತಿಯ ದನಿಯಲ್ಲಿ ಅವರು ಒಂದೊಂದೇ ಅಕ್ಷರ ಹೇಳಿದರು. ಡಿ. ಐ. ಆರ್. ಎಂಟರ್. ಪರದೆಯ ಮೇಲೆ ಪಟ್ಟಿ ಇಳಿಯಿತು. ಯಂತ್ರದ ಸ್ವಂತ ಸಾಮಾನುಗಳ ನಡುವೆ ವನಿತಾ ತನ್ನ ದಿನಗಳನ್ನು ಹುಡುಕಿದಳು. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ.

"ಒಂದೇ ಇದೆ ಮಾವ."

"ನಾನೂರ ಹನ್ನೊಂದು ಅಂದ್ಯಲ್ಲಮ್ಮ."

"ಒಂದೇ ಕಾಣ್ತಿರೋದು. ಅದ್ರ ಹೆಸರೂ ಪೂರ್ತಿ ಇಲ್ಲ. ವನಿತಾದಿ ಅಂತ ಇದೆ."

ಶೇಖರಪ್ಪನವರು ಕೊಟ್ಟ ಮಾತು ಮರೆತು ಗಿರ್ರನೆ ತಿರುಗಿದರು. ಏನೇನು ಹೆಸರು ಕೊಟ್ಟಿದ್ದೆ ಎಂದು ಕೇಳಿ, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳ ಮೇಲೆ ಎಣಿಸಿದರು. ವಿ, ಎ, ಎನ್, ಐ, ಟಿ, ಎ, ಡಿ, ಐ. ಎಂಟು ಬೆರಳು ಮುಗಿದಲ್ಲಿ ಅವರ ಕೈ ನಿಂತುಬಿಟ್ಟಿತು. ಡಾಸಿಗೆ ಹೆಸರೆಂದರೆ ಎಂಟೇ ಅಕ್ಷರ. ಮುಂದೆ ನೀವು ಏನೇ ಬರೆದರೂ ಅದು ಹೇಳದೆ ಕೇಳದೆ ಕತ್ತರಿಸಿ ಎಸೆಯುತ್ತದೆ. ವನಿತಾದಿನ ಒಂದೂ ವನಿತಾದಿ, ವನಿತಾದಿನ ಎರಡೂ ವನಿತಾದಿ. ಒಂದೇ ಹೆಸರಿನದು ಎರಡಿರುವಂತಿಲ್ಲವಾದ್ದರಿಂದ ಪ್ರತಿದಿನ ಬಂದ ಹೊಸ ದಿನ ಹಿಂದಿನ ದಿನವನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ಎರಡು ವರ್ಷ ವನಿತಾ ಭದ್ರವಾಗಿ ಬಚ್ಚಿಟ್ಟದ್ದೆಲ್ಲವನ್ನೂ ವನಿತಾಳೇ ಒರೆಸಿಹಾಕಿದ್ದಳು, ಪ್ರತಿ ಸಲವೂ ರಸೀದಿ ಪಡೆದು.

ಅವಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು, ಎರಡೂ ಸೇರಿ ಕೆಮ್ಮಾಯಿತು. ಶೇಖರಪ್ಪನವರು ಒಳಗೆ ಹೋಗಿ ನೀರು ತಂದುಕೊಟ್ಟರು.

"ನಿಂದಲ್ಲ ತಪ್ಪು. ನನಗೆ ಅದು ಎಷ್ಟು ರೂಢಿ ಅಂದ್ರೆ, ಹೇಳ್ಕೊಡ್ಬೇಕು ಅಂತಾನೇ ತೋಚ್ಲಿಲ್ಲ." ಖಾಲಿ ಲೋಟ ತೆಗೆದುಕೊಂಡು, ತುಂಬ ಸಣ್ಣ ದನಿಯಲ್ಲಿ ಸೇರಿಸಿದರು. "ತೊಂಬತ್ತೈದರಲ್ಲಿ ಅವರು ಇದನ್ನ ಸರಿ ಮಾಡಿದ್ರು ಕಣಮ್ಮಾ. ಎಷ್ಟುದ್ದ ಬೇಕಾದ್ರೂ ಹೆಸರು ಇಡ್ಬಹುದಿತ್ತು. ನಾನೇ ಆ ಕಡೆ ಹೋಗ್ಲಿಲ್ಲ."

ಹದಿನೆಂಟು ವರ್ಷದ ಹಟ ಅಷ್ಟು ಮೆತ್ತಗೆ ಕೆಳಗಿಳಿದದ್ದನ್ನು ನೋಡಿ ವನಿತಾಗೆ ತನ್ನ ದುಃಖಕ್ಕಿಂತ ಅದೇ ಹೆಚ್ಚಾಯಿತು. ಉಳಿದ ಒಂದನ್ನು ಅಳಿಸಲೇ ಎಂದು ಅವರು ಕೇಳಿದರು. ಅದು ನಿನ್ನೆಯದು, ನಾಲ್ಕೇ ಸಾಲು, ಒಂದಾದರೂ ಇರಲಿ ಬಿಡಿ ಎಂದಳು. ನಾನೂರ ಹತ್ತು ಹೋದ ಸಂಕಟದಲ್ಲಿ ಆ ಒಂದರ ಭಯ ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಕಾಲೇಜಿನ ಸಭಾಂಗಣದಲ್ಲಿ ಶೇಖರಪ್ಪನವರು ಯಂತ್ರದ ಬಳಿ ಹೋಗುವ ಮೊದಲು ಚಪ್ಪಲಿ ಬಿಟ್ಟರು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡು ತಾವೂ ಶೂ ಬಿಚ್ಚಿದರು. ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ತಾಹೆರಾ ಏರ್ಪಾಡು ಮಾಡಿದ್ದಳು. ಮಾವ ಮೂಲಪುರುಷನಿಂದ ಆರಂಭಿಸಿ ಚಕ್ರವರ್ತಿಯವರೆಗೆ ಬಂದರು, ಎಂಟಕ್ಷರದ ನಿಯಮ ವಿವರಿಸಿದರು, ಅದು ಗೊತ್ತಿಲ್ಲದೆ ನಾನೂರು ದಿನ ಬರೆದು ಕಳೆದುಕೊಂಡ ಒಬ್ಬ ಶಿಷ್ಯೆಯ ಕಥೆ ಹೇಳಿ, ತಪ್ಪು ಪಾಠ ಹೇಳಿದ ಮೇಷ್ಟರದ್ದು ಎಂದರು. ಹೆಸರು ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಇಂಚರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ನಂದಕುಮಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಯಾರೇ ಅದು, ಅಂಥಾ ಪೆದ್ದಿ?"

"ಯಾರೋ ಹಳೇ ಸ್ಟೂಡೆಂಟಂತೆ" ಎಂದಳು ವನಿತಾ.

ಅಷ್ಟರಲ್ಲಿ ಕೀಬೋರ್ಡಿನ ಮುಂದೆ ಕೂತ ಹುಡುಗಿಯೊಬ್ಬಳು ಪಟ್ಟಿ ತೆಗೆದು, ಸರ್, ಈ ವನಿತಾದಿ ಅಂದ್ರೇನು ಎಂದು ಕೇಳಿದಳು. ಶೇಖರಪ್ಪನವರು ಉತ್ತರ ಹುಡುಕುವುದರೊಳಗೆ ಚುರುಕು ಹುಡುಗಿ ಆಗಷ್ಟೇ ಕಲಿತ, ಬರಹ ತೆರೆದು ತೋರಿಸುವ ಅಪ್ಪಣೆ ಕೊಟ್ಟೇಬಿಟ್ಟಳು. ಗೋಡೆಯಗಲಕ್ಕೆ ನಾಲ್ಕು ಸಾಲು ಮೂಡಿತು.

"ಮಾವ ನಾಡಿದ್ದಿಗೆ ಅಂಗಿ ತಾವೇ ಇಸ್ತ್ರಿ ಮಾಡಿಕೊಂಡರು. ಕಾಲರ್ ಸ್ವಲ್ಪ ಸುಟ್ಟಿದೆ, ನಾನು ಹೇಳಲಿಲ್ಲ.
ನಂದು ಬೇಗ ಬಂದು ಇಂಚರಾಗೆ ತಲೆ ಬಾಚಿದರು. ಬೈತಲೆ ಸೊಟ್ಟ.
ಅವಳು ಕನ್ನಡಿ ನೋಡಿ ಅಪ್ಪಾ ಸೂಪರ್ ಅಂದಳು.
ಎಷ್ಟು ಹುಡುಕಿದರೂ ಇವತ್ತು ದೂರುವಂಥದ್ದು ಒಂದೂ ಸಿಗಲಿಲ್ಲ."

ವೇದಿಕೆಯ ಮೇಲೆ ಶೇಖರಪ್ಪನವರ ಕೈ ಮೆಲ್ಲಗೆ ಕಾಲರಿನ ಹಿಂಭಾಗಕ್ಕೆ ಹೋಯಿತು. ಹಿಂದಿನ ಸಾಲಿನಲ್ಲಿ ನಂದಕುಮಾರನ ನಗು ನಿಂತಿತು. ಅವನು ನಾಲ್ಕೂ ಸಾಲನ್ನು ಎರಡು ಸಲ ಓದಿ, ತೊಡೆಯ ಮೇಲಿದ್ದ ಮಗಳ ತಲೆಯನ್ನು ಮೇಲಿನಿಂದ ಪರೀಕ್ಷಿಸಿ, ಹೆಂಡತಿಯ ಕಡೆ ತಿರುಗಿದ. ಅವಳ ಕೈ ಹಿಡಿದುಕೊಂಡ, ಪಾಠ ಮುಗಿಯುವವರೆಗೂ ಬಿಡಲಿಲ್ಲ. ನಾನೂರ ಹತ್ತು ದಿನ ಹೋದರೆ ಹೋಗಲಿ ಎಂದು ವನಿತಾಗೆ ಆ ಕ್ಷಣದಲ್ಲಿ ಅನ್ನಿಸಿತು.

ಆ ಉದಾರ ಭಾವನೆ ಮನೆಗೆ ಬರುವವರೆಗೆ ಮಾತ್ರ ಉಳಿಯಿತು. ಕೋಣೆಗೆ ಹೋದರೆ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನಂದಕುಮಾರ್ ಎಸೆದ ಒದ್ದೆ ಟವೆಲ್ ಹಾಸಿಗೆಯ ಮೇಲೆ, ಅದೂ ಅವಳ ದಿಂಬಿನ ಮೇಲೆ, ತಣ್ಣಗೆ ಮಲಗಿತ್ತು. ಅವಳು ಅದನ್ನು ಎತ್ತಿಕೊಂಡು ಹಾಲಿಗೆ ಬಂದು, ಇದನ್ನು ಎಷ್ಟು ಸಲ ಹೇಳಬೇಕು, ಎರಡು ವರ್ಷದಿಂದ ಬರೆದು ಬರೆದು ಇಟ್ಟಿದ್ದೇನೆ ಎಂದು ಆರಂಭಿಸಿದಳು.

"ಎಲ್ಲಿ ಬರ್ದಿದೀಯ, ತೋರ್ಸು" ಎಂದ ನಂದಕುಮಾರ್, ಸೋಫಾದ ಮೇಲೆ ಕಾಲು ಚಾಚಿ. "ಎರಡು ವರ್ಷ ದಿನಾ ಬರ್ದಿದೀಯಂತೆ. ಇನ್ನೂರು ಜನ ಓದಿದ್ರಲ್ಲ, ನನ್ನ ಮೇಲೆ ಒಂದೇ ಒಂದು ಕಂಪ್ಲೇಂಟ್ ಇದೆಯಾ ಅದ್ರಲ್ಲಿ?"

ವನಿತಾ ಸಾಕ್ಷಿಗಾಗಿ ಮಾವನ ಕಡೆ ನೋಡಿದಳು. ಅಳಿಸಿಹೋದ ನಾನೂರ ಹತ್ತು ದಿನಕ್ಕೆ ಸಾಕ್ಷಿ ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ. ಶೇಖರಪ್ಪನವರು ಮುಖದ ಮುಂದೆ ಪತ್ರಿಕೆ ಹಿಡಿದು ಕೂತಿದ್ದರು, ತಡೆದುಕೊಂಡ ನಗುವಿಗೆ ಪತ್ರಿಕೆ ಸಣ್ಣಗೆ ಅಲುಗುತ್ತಿತ್ತು.