ನಲವತ್ತು ಗ್ರಾಂ ಗಂಜಿ

ಹೆಂಡತಿ ಸುಜಾತ ತೀರಿಕೊಂಡ ಮುಂದಿನ ತಿಂಗಳು ನಾನು ಅಡುಗೆಮನೆಯ ಅಧಿಕಾರವನ್ನು ವಿಧ್ಯುಕ್ತವಾಗಿ ವಹಿಸಿಕೊಂಡೆ. ಉರ್ವದ ಅಂಗಡಿಯಲ್ಲಿ ಇಪ್ಪತ್ತು ವರ್ಷ ಮೊಳೆ ತೂಗಿದವನಿಗೆ ಮಗಳ ಊಟ ತೂಗುವುದು ಯಾವ ಮಹಾವಿದ್ಯೆ!

ಮಗಳು ಅನನ್ಯಾಳಿಗೆ ಹುಟ್ಟಿನಿಂದಲೇ ಪಿ.ಕೆ.ಯು. ಎಂಬ ಕಾಯಿಲೆ. ಪ್ರೋಟೀನಿನಲ್ಲಿರುವ ಫೀನೈಲಲನೈನ್ ಎಂಬ ಅಮೈನೋ ಆಮ್ಲವನ್ನು ಅವಳ ದೇಹ ಸಂಭಾಳಿಸಲಾರದು. ರಕ್ತದಲ್ಲಿ ಅದು ಏರಿದರೆ ಮಿದುಳಿಗೆ ಪೆಟ್ಟು. ಹಾಗಾಗಿ ಮೀನು, ಮೊಟ್ಟೆ, ಬೇಳೆ ಇಲ್ಲ. ಡಾಕ್ಟರು ಕೊಟ್ಟ ಪುಡಿ, ಅಳೆದ ತರಕಾರಿ, ಮಧ್ಯಾಹ್ನಕ್ಕೆ ನಲವತ್ತು ಗ್ರಾಂ ಕುಚ್ಚಲಕ್ಕಿ. ಒಂಬತ್ತು ವರ್ಷ ಸುಜಾತ ಅವಳ ಗಂಜಿಯನ್ನು ಪುಟ್ಟ ಪಾತ್ರೆಯಲ್ಲಿ ಬೇರೆಯೇ ಬೇಯಿಸಿದ್ದಳು.

ನಾನು ಸುಧಾರಣೆ ತಂದೆ. ಇಬ್ಬರಿಗೂ ಒಂದೇ ಪಾತ್ರೆ! ಬೆಂದ ಗಂಜಿಯಿಂದ ನಲವತ್ತು ಗ್ರಾಂ ತೂಗಿ ಬಡಿಸಿದೆ. ಮೂರು ಚಮಚ ಆಯಿತು.

"ಪಪ್ಪಾ, ಇಷ್ಟೇಯಾ? ಅಮ್ಮ ಬಟ್ಟಲು ತುಂಬ ಕೊಡ್ತಿದ್ರು."

"ತಕ್ಕಡಿ ಸುಳ್ಳು ಹೇಳುದಿಲ್ಲ ಮಗಾ."

ಮುಂದಿನ ರಕ್ತ ಪರೀಕ್ಷೆಯಲ್ಲಿ ಆ ಆಮ್ಲದ ಮಟ್ಟ ಏರಿತ್ತು. ಗಂಜಿಯನ್ನು ಮೂವತ್ತಕ್ಕೆ ಇಳಿಸಿದೆ. ಇನ್ನೂ ಏರಿತು! ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದು ತೀರ್ಮಾನಿಸಿ ಪಕ್ಕದ ಮನೆಯ ಜೊಹರಾರ ಬಾಗಿಲಿಗೆ ಹೋದೆ.

"ಮಗಳಿಗೆ ಎಂತ ಕೊಡ್ತಾ ಇದ್ದೀರಿ?"

"ಹಸಿವು ಅಂತ ಬಂದಳು, ಒಂದು ತುಂಡು ಸೇಬು ಕೊಟ್ಟೆ. ಅದು ಸುಜಾತ ಬರೆದುಕೊಟ್ಟ ಪಟ್ಟಿಯಲ್ಲೇ ಉಂಟು. ನಿಮ್ಮಲ್ಲಿ ಮಗುವಿಗೆ ಊಟ ಹಾಕುದಿಲ್ವಾ ಮಾರಾಯ್ರೆ?"

ಅವಮಾನಿತನಾಗಿ ನನ್ನ ಲೆಕ್ಕದ ಪುಸ್ತಕವನ್ನು ಆಸ್ಪತ್ರೆಯ ಆಹಾರ ತಜ್ಞೆಯ ಮುಂದಿಟ್ಟೆ.

"ಇದು ಅಕ್ಕಿಯ ತೂಕವಾ, ಗಂಜಿಯದ್ದಾ?"

"ಗಂಜಿಯದ್ದು. ಮತ್ತೆ?"

ಅವರು ಕನ್ನಡಕ ತೆಗೆದರು. "ಅಕ್ಕಿಯನ್ನು ಬೇಯಿಸುವ ಮೊದಲು ತೂಗಬೇಕು. ನೀವು ತೂಗಿದ್ದರಲ್ಲಿ ಹೆಚ್ಚಿನದ್ದು ನೀರು. ಹೊಟ್ಟೆಗೆ ಸಾಲದಿದ್ದರೆ ದೇಹ ತನ್ನದೇ ಮಾಂಸಖಂಡವನ್ನು ಕರಗಿಸ್ತದೆ. ಅದರಲ್ಲಿಯೂ ಅದೇ ಆಮ್ಲ ಉಂಟು!"

ಅಂದರೆ ಮಗಳಿಗೆ ಕದ್ದು ಮಾಂಸ ತಿನ್ನಿಸುತ್ತಿದ್ದವನು ನಾನೇ. ಅದೂ ಅವಳದ್ದೇ!

ಜೊಹರಾರಲ್ಲಿ ಕ್ಷಮೆ ಕೇಳಿದೆ. ಮತ್ತೆ ಎರಡು ಪಾತ್ರೆ ಇಟ್ಟೆ. ಮೂರು ವಾರದಲ್ಲಿ ಮಟ್ಟ ಇಳಿಯಿತು. ಆ ಮಧ್ಯಾಹ್ನ ಅನನ್ಯ ಬಟ್ಟಲು ಬರಿದು ಮಾಡಿ, "ಇವತ್ತು ಅಮ್ಮ ಮಾಡಿದ ಹಾಗೇ ಆಯ್ತು" ಎಂದಳು. ಮುಖ ಕಾಣದಿರಲೆಂದು ಒಲೆಯ ಕಡೆ ತಿರುಗಿ, ನನಗೂ ಬಡಿಸಿಕೊಳ್ಳಲು ಘನತೆಯಿಂದ ನನ್ನ ಪಾತ್ರೆಯ ಮುಚ್ಚಳ ತೆಗೆದೆ.

ನೀರು ಚೆನ್ನಾಗಿ ಕುದಿಯುತ್ತಿತ್ತು. ಅಕ್ಕಿ ಹಾಕಿರಲಿಲ್ಲ!