ಕಳಂಬೋಲಿ ದೂರವಾದ ಬಗ್ಗೆ ಬ್ರಹ್ಮಾಂಡದವರಲ್ಲಿ ಒಂದು ದೂರು

ಸದಾ ಹಿಗ್ಗುತ್ತಿರುವ ಮಾನ್ಯ ಬ್ರಹ್ಮಾಂಡದವರೇ,

ಡೊಂಬಿವಲಿ ಪೂರ್ವದಿಂದ ಹರಿಣಾಕ್ಷಿಯ ಸಾದರ ನಮಸ್ಕಾರಗಳು. ತಾವು ಹಿಗ್ಗುವುದಕ್ಕೆ ನನ್ನ ಆಕ್ಷೇಪವಿಲ್ಲ; ಜಾಗ ಇದ್ದವರು ಹಿಗ್ಗುತ್ತಾರೆ. ಆದರೆ ಅದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ.

ನನ್ನ ಯಜಮಾನರಾದ ದಯಾನಂದ ಅವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಹೋಟೆಲು ಇಟ್ಟಿದ್ದಾರೆ. ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ಅವರ ಅಣ್ಣ, ನನ್ನ ದೇಜಪ್ಪ ಭಾವ, ಮಗನ ಮದುವೆಯ ದಿನ ಇವರಿಗೆ “ನೀನು ಹೋಟೆಲಿನವನಲ್ವಾ, ಊಟದ ಕಡೆ ಸ್ವಲ್ಪ ನೋಡಿಕೋ” ಎಂದುಬಿಟ್ಟರು. ಇವರು ಸಾಂಬಾರಿನ ಪಾತ್ರೆ ಕಾಯುತ್ತಿರುವಾಗ ಅತ್ತ ಧಾರೆ ಮುಗಿದುಹೋಯಿತು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಮೊದಲು ಇವರಿಗೆ ಅದರ ಬಗ್ಗೆ ಸ್ವಲ್ಪ ನಾಚಿಕೆಯಾದರೂ ಇತ್ತು. ಕಳೆದ ತಿಂಗಳು ಕನ್ನಡ ಸಂಘದಲ್ಲಿ ಬ್ರಹ್ಮಾಂಡದವರಾದ ತಮ್ಮ ಬಗ್ಗೆ ಉಪನ್ಯಾಸ ಕೇಳಿ ಬಂದ ಮೇಲೆ ಅದೂ ಹೋಯಿತು. “ನಕ್ಷತ್ರಲೋಕಗಳೇ ಒಂದರಿಂದ ಒಂದು ದೂರ ಹೋಗ್ತಾ ಇವೆಯಂತೆ, ಇನ್ನು ನಾವು ಯಾವ ಲೆಕ್ಕ” ಎನ್ನತೊಡಗಿದರು. ಫೋನಾದರೂ ಮಾಡಿ ಎಂದರೆ, ಅಣ್ಣ ಎಂದರೆ ಕಪ್ಪುಕುಳಿ, ಒಳಗೆ ಹೋದ ಮಾತು ಹೊರಗೆ ಬರುವುದಿಲ್ಲ ಎಂದರು. ಒಬ್ಬ ಮನುಷ್ಯನ ಹಟಕ್ಕೆ ಇಷ್ಟೊಂದು ನಕ್ಷತ್ರಗಳ ಬೆಂಬಲ ಒದಗಿಸಿದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಕೊನೆಗೆ ಕಾಲೇಜಿಗೆ ಹೋಗುವ ಮಗಳು ಪ್ರೇಕ್ಷಾಳನ್ನು ವಿಚಾರಿಸಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ವಾಡಿಕೆಯಂತೆ ಹಿಂದಿಯಲ್ಲಿ, “ಮಮ್ಮಿ, ಪಾಸ್‌ವಾಲೇ ತೋ ಔರ್ ಪಾಸ್ ಆತೇ ಹೈಂ” ಎಂದಳು. ಹತ್ತಿರದವು ಇನ್ನೂ ಹತ್ತಿರ ಬರುತ್ತವಂತೆ, ಅವುಗಳನ್ನು ಗುರುತ್ವ ಹಿಡಿದಿಡುತ್ತದೆಯಂತೆ, ನೆರೆಯ ದೊಡ್ಡ ನಕ್ಷತ್ರಲೋಕ ನಮ್ಮ ಕಡೆಗೇ ಬರುತ್ತಿದೆಯಂತೆ. ಉಪನ್ಯಾಸದಲ್ಲಿ ಈ ಭಾಗ ಬಂದಾಗ ಇವರು ಚಹಾಕ್ಕೆ ಎದ್ದು ಹೋಗಿದ್ದಿರಬೇಕು.

ಮರುದಿನವೇ ನಾನು ಕಳಂಬೋಲಿಗೆ ಹೋದೆ. “ಅವನಿಗೆ ಬೇಸರ ಆದದ್ದು ನನಗೆ ಗೊತ್ತುಂಟು. ಯಾವ ಮುಖ ಹೊತ್ತುಕೊಂಡು ಬರುವುದು?” ಎಂದ ಭಾವ, ಕೊನೆಗೆ ನನ್ನ ಜೊತೆಗೇ ಹೊರಟರು. ಬಾಗಿಲಲ್ಲಿ ಅವರನ್ನು ಕಂಡದ್ದೇ ಇವರು ಮತ್ತೆ ನಕ್ಷತ್ರಲೋಕಗಳ ಮಾತು ತೆಗೆದರು.

“ಬ್ರಹ್ಮಾಂಡ ಹಿಗ್ಗಲಿ ಮಾರಾಯ, ನನಗೆ ಕೂರ್ಲಿಕ್ಕೆ ಚೂರು ಜಾಗ ಕೊಡು” ಎಂದರು ಭಾವ. “ಅವತ್ತು ಧಾರೆಗೆ ನಿನ್ನನ್ನು ಕರೀಲಿಲ್ಲ. ತಪ್ಪು ನನ್ನದೇ.”

ಇವರು ಸೋಫಾದಲ್ಲಿ ಸರಿದು ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ತುಳುವಿನಲ್ಲಿ ಬೈದಾಡುತ್ತ ಮೀನುಸಾರು ಅನ್ನ ಉಣ್ಣುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಹಿಗ್ಗುವುದನ್ನು ಧಾರಾಳವಾಗಿ ಮುಂದುವರಿಸಿ, ಆದರೆ ದಯವಿಟ್ಟು ಗಂಡಸರಿಗೆ ತಿಳಿಯದಂತೆ.

ತಮ್ಮನ್ನು ಬಿಟ್ಟು ಬೇರೆಲ್ಲೂ ಹೋಗಲಾಗದ ವಿಶ್ವಾಸಿ,
ಹರಿಣಾಕ್ಷಿ

ತಾ.ಕ.: ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಾದ ಕಡೆಗೂ ಒಮ್ಮೆ ದಯಮಾಡಿಸಿ. ತಾವು ಹಿಗ್ಗುತ್ತಿರುವ ಸುದ್ದಿ ಅಲ್ಲಿಗೆ ಇನ್ನೂ ತಲುಪಿದಂತಿಲ್ಲ.