ಮಂಕಿ ಟೋಪಿಯ ಅತಿಮಾನುಷರು

ಕುಷಾಯಿಗೂಡ ಕನ್ನಡ ಅತಿಮಾನುಷರ ಸಂಘದಲ್ಲಿ ಒಟ್ಟು ನಾಲ್ವರು ಸದಸ್ಯರಿದ್ದು, ಅವರಲ್ಲಿ ಒಬ್ಬರು ಯಾರು ಎಂಬುದು ಸಂಘಕ್ಕೆ ತಿಳಿದಿರಲಿಲ್ಲ. ಇದರಿಂದ ಸಂಘದ ಕೆಲಸಕ್ಕೆ ಯಾವ ಅಡಚಣೆಯೂ ಆಗಲಿಲ್ಲವೆಂದು ಮೊದಲೇ ಸ್ಪಷ್ಟಪಡಿಸಲಾಗಿದೆ.

ಹೈದರಾಬಾದಿನಲ್ಲಿ ಟಿ.ವಿ. ಇದ್ದವರ ಮನೆಯ ಕಿಟಕಿಗೆ ಇಲ್ಲದವರು ಬಂದು ನಿಲ್ಲುತ್ತಿದ್ದ ಕಾಲವದು. ಸಂಘದ ಉದ್ದೇಶಗಳು ಎರಡು: ಆಪತ್ತಿನಲ್ಲಿದ್ದವರನ್ನು ಕಾಪಾಡುವುದು ಮತ್ತು ಪತ್ರಿಕೆಯಲ್ಲಿ ಬರುವುದು. ಇವುಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಎದ್ದಾಗ ಚರ್ಚೆಯಿಲ್ಲದೆ ಸರ್ವಾನುಮತದ ತೀರ್ಮಾನವಾಯಿತು.

ಅಧ್ಯಕ್ಷರು ಪ್ರಹ್ಲಾದರಾಯರು. ತಾತನ ಕಾಲದಿಂದಲೂ ಸರಕಾರಿ ನೌಕರಿಯಲ್ಲಿದ್ದ ಮನೆತನ. ಫೈಲು ಬಿಚ್ಚದೆಯೇ ಅದರಲ್ಲಿ ಯಾವ ಕಾಗದ ಇಲ್ಲವೆಂದು ಹೇಳುವುದು ಅವರ ಶಕ್ತಿ. ರಾಮಕೃಷ್ಣ ಮೈಸೂರು ಕಡೆಯಿಂದ ಬಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದವರು. ಎಂಥ ಕೆಟ್ಟ ರೇಡಿಯೋ ಆದರೂ ಅವರು ಅದರ ತಲೆಯ ಮೇಲೆ ಒಂದು ಬಾರಿಸಿದರೆ ಹಾಡುತ್ತಿತ್ತು. ಅವರ ಹೆಂಡತಿ ಶೋಭಾ ಮೂರನೆಯ ಮಹಡಿಯಿಂದ ಕೂಗಿದರೆ ಸಿಟಿ ಬಸ್ಸು ನಿಲ್ಲುತ್ತಿತ್ತು. ಬೇಕಾದ ಬಸ್ಸೇ ನಿಲ್ಲುತ್ತಿತ್ತೆಂದು ಹೇಳಲಾಗದು.

ನಾಲ್ಕನೆಯವರು ಸಂಘದ ಉದ್ಘಾಟನೆಯ ಊಟಕ್ಕೆ ಮಂಕಿ ಟೋಪಿ ಹಾಕಿಕೊಂಡು ಬಂದರು. ಕಣ್ಣು, ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರಾಯರು ಅವರನ್ನು ಕಾರ್ಖಾನೆಯ ಕಡೆಯವರೆಂದು ತಿಳಿದು ಒತ್ತಾಯ ಮಾಡಿ ಹೋಳಿಗೆ ಬಡಿಸಿದರು. ರಾಮಕೃಷ್ಣ ಅವರನ್ನು ರಾಯರ ಕಡೆಯವರೆಂದು ತಿಳಿದು ತುಪ್ಪ ಹಾಕಿದರು. ಎಲೆಯ ಮುಂದೆ ಕೂತವರನ್ನು ‘ತಾವು ಯಾರು’ ಎಂದು ಕೇಳುವ ಪದ್ಧತಿ ಎರಡೂ ಕಡೆ ಇಲ್ಲ. ಅವರು ಆಡುತ್ತಿದ್ದುದು ‘ಹೂಂ’ ಎಂಬ ಒಂದೇ ಮಾತು. ಅದನ್ನು ಕೇಳಿ ಯಾವ ಸೀಮೆಯವರೆಂದು ಹೇಳುವುದೂ ಕಷ್ಟ. ಬೇಗಂ ಬಜಾರಿನಿಂದ ತಂದ ಹೂವಿನ ಪರದೆಯ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟುವ ಮೇಲುಹೊದಿಕೆಗಳನ್ನು ಹೊಲಿಸಿದಾಗ ಒಂದು ಹೆಚ್ಚಿಗೆ ಬಂತು. ಅವರು ಅದನ್ನು ಕಟ್ಟಿಕೊಂಡರು. ಬಟ್ಟೆ ದಂಡವಾಗಲಿಲ್ಲವೆಂದು ಸಭೆ ಸಂತೋಷ ವ್ಯಕ್ತಪಡಿಸಿತು.

ಒಂದು ವರ್ಷದ ಮೇಲೆ ರಾಮಕೃಷ್ಣ ರಾಯರನ್ನು ಪಕ್ಕಕ್ಕೆ ಕರೆದು, “ಸಾರ್, ನಿಮ್ಮ ಟೋಪಿಯವರ ಹೆಸರೇನು?” ಎಂದರು.

“ನಮ್ಮವರ? ನಿಮ್ಮವರಲ್ಲೇನ್ರಿ?”

ಇಬ್ಬರೂ ಹಿಂತಿರುಗಿ ಟೋಪಿಯವರತ್ತ ನೋಡಿದರು.

“ಈಗ ಕೇಳಿದ್ರೆ ಏನಂದ್ಕೋತಾರೋ,” ಎಂದರು ರಾಮಕೃಷ್ಣ.

“ಛೇ, ಭಾಳ ತಪ್ಪಾಗ್ತದ,” ಎಂದರು ರಾಯರು. ವಿಷಯವನ್ನು ಅಲ್ಲಿಗೇ ಮುಕ್ತಾಯಗೊಳಿಸಲಾಯಿತು.

ಅವರ ಶಕ್ತಿ ಮಾತ್ರ ಬೇಗನೆ ಪತ್ತೆಯಾಯಿತು. ಎಲ್ಲಿಯೇ ನಿಲ್ಲಿಸಿದರೂ ಫೋಟೋದಲ್ಲಿ ಅವರೇ ನಡುವೆ ಬರುತ್ತಿದ್ದರು.

ಇದು ರಾಯರ ಕರುಳಿಗೆ ತಾಗುವ ಸಂಗತಿ. ಅವರ ಹೆಂಡತಿ ಯಮುನಾಬಾಯಿಯ ತಮ್ಮ ವೈಜನಾಥ ಗುಲಬರ್ಗಾದಲ್ಲಿ ಸಸಿ ನೆಟ್ಟರೆ ಪೇಪರಿನಲ್ಲಿ ಬರುತ್ತಿದ್ದ, ಆ ಸಸಿ ಒಣಗಿದೆಯೆಂದು ಮನವಿ ಕೊಟ್ಟರೂ ಬರುತ್ತಿದ್ದ. ಪ್ರತಿ ಸಲವೂ ಫೋಟೋ ಕತ್ತರಿಸಿ ಅಕ್ಕನಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಯಮುನಾಬಾಯಿ ಅದನ್ನು ಗಂಡನ ಊಟದ ತಾಟಿನ ಪಕ್ಕ ಇಟ್ಟು, ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ರಾಯರು ಹೇಗೋ ತಡೆದುಕೊಳ್ಳುತ್ತಿದ್ದರು. ಏನೂ ಅನ್ನದೆ ಇರುವುದನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ. ಒಂದೇ ಒಂದು ಸಲ ತನ್ನ ಮುಖ ಪೇಪರಿನಲ್ಲಿ ಬರಬೇಕು, ಹೆಂಡತಿ ಅದನ್ನು ನೋಡಬೇಕು ಎಂಬುದಷ್ಟೇ ಅವರ ಆಸೆ.

ಹೀಗಿರುವಾಗ ಮೇ ತಿಂಗಳಲ್ಲಿ, ಕಾಲೊನಿಯ ಜಯಮ್ಮನವರು ಸಂಡಿಗೆ ಒಣಗಿಸಲು ನೀರಿನ ಟ್ಯಾಂಕಿನ ಮೇಲೆ ಹತ್ತಿದಾಗ ಏಣಿ ಜಾರಿ ಬಿತ್ತು. ಸಂಘವು ಹೂವಿನ ಹೊದಿಕೆ ಸಮೇತ ತಕ್ಷಣ ಧಾವಿಸಿ, ಬೇವಿನ ಮರದ ನೆರಳಲ್ಲಿ ನಿಂತಿತು. ಏಕೆಂದರೆ ನಿಯಮ ಏಳರ ಪ್ರಕಾರ ಛಾಯಾಗ್ರಾಹಕರ ಅನುಪಸ್ಥಿತಿಯಲ್ಲಿ ಯಾರನ್ನೂ ರಕ್ಷಿಸತಕ್ಕದ್ದಲ್ಲ. ಗುಲಬರ್ಗಾ ಪತ್ರಿಕೆಯ ಹೈದರಾಬಾದ್ ಪ್ರತಿನಿಧಿ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ನೌಕರಿಗಿದ್ದು, ಪಾಳಿ ಮುಗಿದ ಮೇಲೆಯೇ ಕ್ಯಾಮೆರಾ ಹಿಡಿಯಬಲ್ಲವರಾಗಿದ್ದರು.

ಈ ನಡುವೆ ಟೋಪಿಯವರು ಏಣಿಯನ್ನು ಎತ್ತಿ ಗೋಡೆಗಾನಿಸಿ ಹಿಡಿದರು. ಜಯಮ್ಮನವರು ಇಳಿದು, ಮನೆಗೆ ಹೋಗಿ ಮಜ್ಜಿಗೆ ಕುಡಿದರು. ಇದು ನಿಯಮದ ನೇರ ಉಲ್ಲಂಘನೆ. ಪ್ರತಿನಿಧಿ ಬಂದ ಮೇಲೆ ರಾಯರು ಜಯಮ್ಮನವರ ಬಾಗಿಲಿಗೆ ಹೋಗಿ ಕೈಮುಗಿದರು.

“ಜಯಮ್ಮನವರ, ಇನ್ನೊಮ್ಮೆ ಮ್ಯಾಲ ಹೋಗ್ರಿ. ಈ ಸಲ ಸರಿಯಾಗಿ ಕಾಪಾಡ್ತೀವಿ.”

“ಹೋಗ್ತೀನಿ ಸಾರ್, ಹೇಗಿದ್ರೂ ಸಂಡಿಗೆ ತಿರುವಿ ಹಾಕ್ಬೇಕು. ಆದ್ರೆ ಏಣಿ ಆ ಟೋಪಿಯವರೇ ಹಿಡೀಬೇಕು. ನಿಮ್ಮನ್ನ ನಂಬ್ಕೊಂಡು ನಾನಂತೂ ಇಳಿಯಲ್ಲ.”

ಎಲ್ಲರ ಚಪ್ಪಲಿ ಕಾಯಲೆಂದು ಮರದ ಹಿಂದೆ ನಿಲ್ಲಿಸಿದ್ದ ಟೋಪಿಯವರನ್ನು ಮತ್ತೆ ಕರೆತರಬೇಕಾಯಿತು. ಜಯಮ್ಮನವರು ಟ್ಯಾಂಕಿನ ಮೇಲೆ ಹೋದರು. ಈ ಸಲವಾದರೂ ತಾನೇ ಎದ್ದು ಕಾಣಬೇಕೆಂದು ರಾಯರು ಸರಸರ ಏಣಿ ಹತ್ತಿದರು. ಎಷ್ಟು ಬೇಗ ಹತ್ತಿದರೆಂದರೆ, ಕ್ಯಾಮೆರಾ ಕ್ಲಿಕ್ ಎನ್ನುವಷ್ಟರಲ್ಲಿ ಅವರು ಬಹುಮಟ್ಟಿಗೆ ಚಿತ್ರದಿಂದ ಆಚೆ ಹೋಗಿದ್ದರು.

ಎರಡು ದಿನಕ್ಕೆ ಪೇಪರು ಬಂತು. ‘ಅತಿಮಾನುಷ ಪ್ರಹ್ಲಾದರಾವ್ ಅವರಿಂದ ಮಹಿಳೆಯ ರಕ್ಷಣೆ’ ಎಂಬ ತಲೆಬರಹ. ಕೆಳಗೆ, ನಟ್ಟ ನಡುವೆ, ಏಣಿ ಹಿಡಿದ ಮಂಕಿ ಟೋಪಿ. ಚಿತ್ರದ ಮೇಲಂಚಿನಲ್ಲಿ ಎರಡು ಅಂಗಾಲು.

ರಾಯರು ಊಟ ಬಿಟ್ಟರು. ಯಮುನಾಬಾಯಿ ಪೇಪರನ್ನು ಬೆಳಕಿಗೆ ಹಿಡಿದು ನೋಡಿದರು.

“ಹೆಸರು ನಿಮ್ಮದ ಅದ. ಅಂಗಾಲೂ ನಿಮ್ಮವ ಅವ. ಅಷ್ಟ್ಯಾಕ ಮನಸ್ಸಿಗೆ ಹಚ್ಚಿಕೋತೀರಿ? ನಿಮ್ಮ ಮಾರಿ ನಾ ದಿನಾ ನೋಡ್ತೀನಲ್ಲ.”

ರಾಯರಿಗೆ ಇನ್ನಷ್ಟು ದುಃಖವಾಯಿತು.

ಮರುವಾರವೇ ವೈಜನಾಥ ಗುಲಬರ್ಗಾದಿಂದ ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ಬಂದಿಳಿದ. ಭಾವನವರಿಗೆ ದಂಪತಿ ಸನ್ಮಾನವೆಂದು ಘೋಷಿಸಿದ. ಕಾಲೊನಿಯ ಸಭಾಂಗಣದಲ್ಲಿ ಜೋಡಿ ಕುರ್ಚಿ ಹಾಕಲಾಯಿತು. ರಾಯರು ಹೊಸ ಧೋತರ ಉಟ್ಟು ಕೂಡುವಷ್ಟರಲ್ಲಿ ಪತ್ರಿಕೆಯ ಪ್ರತಿನಿಧಿ ಅಡ್ಡ ಬಂದರು.

“ತಪ್ಪು ತಿಳೀಬ್ಯಾಡ್ರಿ, ರಾಯರ. ಪ್ರಹ್ಲಾದರಾಯರು ಹ್ಯಾಂಗ ಇರ್ತಾರ ಅಂತ ಓದುಗರಿಗೆ ಗೊತ್ತಾಗ್ಯದ. ಈಗ ಬ್ಯಾರೆ ಮಾರಿ ಹಾಕಿದ್ರ ಪೇಪರಿನ ಮ್ಯಾಲಿನ ವಿಶ್ವಾಸ ಹೋಗ್ತದ.”

ರಾಮಕೃಷ್ಣ ದಂಪತಿಗಳಿಗೆ ಈ ಮಾತು ನ್ಯಾಯವಾಗಿಯೇ ಕಂಡಿತು. ಟೋಪಿಯವರೇ ಕುರ್ಚಿಯಲ್ಲಿ ಕೂಡಲೆಂದು ಶೋಭಾ ಸೂಚಿಸಿದರು. ಟೋಪಿಯವರು “ಹೂಂ” ಎಂದರು.

“ಯಾರ್ಯಾರದೋ ಬಾಜೂಕ ಕೂಡ್ಲಿಕ್ಕೆ ನಾ ಏನ್ ಬಸ್ಸಿನ್ಯಾಗ ಹೊಂಟೀನೇನು?” ಎಂದರು ಯಮುನಾಬಾಯಿ. ಎದ್ದು ನೇರವಾಗಿ ಟೋಪಿಯವರ ಮುಂದೆ ಹೋಗಿ ನಿಂತು, “ಅಣ್ಣಾವರ, ಟೊಪಗಿ ಕೊಡ್ರಿ,” ಎಂದು ಕೈಚಾಚಿದರು. ಅವರು ತೆಗೆದು ಕೊಟ್ಟರು. ಒಳಗೆ ಯಾರು ಬೇಕಾದರೂ ಆಗಿರಬಹುದಾದಂಥ ಒಂದು ಮುಖವಿತ್ತು.

ಯಮುನಾಬಾಯಿ ಟೋಪಿಯನ್ನು ಗಂಡನ ತಲೆಗೆ ಏರಿಸಿ, ಹುಬ್ಬಿನ ತನಕ ಎಳೆದು, ಗದ್ದದ ಕೆಳಗೆ ಗುಂಡಿ ಹಾಕಿದರು. ಪ್ರತಿನಿಧಿ ಹಳೆಯ ಪೇಪರನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷಿಸಿ, “ಅಗದೀ ಇವರ,” ಎಂದು ದೃಢಪಡಿಸಿದರು.

“ಹಾಂ! ಈಗ ನೋಡ್ರಿ, ಭಾವನವರು ಭಾವನವರ ಹಂಗ ಕಾಣ್ತಾರ,” ಎಂದ ವೈಜನಾಥ, ಹಾರ ಹಾಕುತ್ತ.

ಮೇ ತಿಂಗಳ ಸೆಕೆಗೆ ಉಣ್ಣೆಯೊಳಗೆ ರಾಯರ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಯಮುನಾಬಾಯಿ ಅವರತ್ತ ಬಾಗಿ, ಬೇರೆ ಯಾರಿಗೂ ಕೇಳದಂತೆ, “ಚಂದ ಕಾಣಿಸ್ಲಿಕತ್ತೀರಿ,” ಎಂದರು. ಮದುವೆಯಾದಾಗಿನಿಂದ ರಾಯರು ಈ ಮಾತನ್ನು ಕೇಳಿರಲಿಲ್ಲ. ಅವರಿಗೆ ಕಣ್ಣು ತುಂಬಿ ಬಂತು. ಫೋಟೋದಲ್ಲಿ ಅದು ಬೆವರಿನಂತೆ ಕಾಣುತ್ತದೆ.

ನಾಲ್ಕನೆಯ ಸದಸ್ಯರು ಪಂಕ್ತಿಯಲ್ಲಿ ಕೂತು ಉಂಡು, ಎದ್ದು ಹೋದರು. ಆಮೇಲೆ ಅವರು ಸಭೆಗಳಿಗೆ ಬರುತ್ತಿದ್ದಾರೋ ಇಲ್ಲವೋ ಹೇಳುವುದು ಕಷ್ಟ.

ಸೋಮವಾರ ರಾಯರು ಬರಿತಲೆಯಲ್ಲಿ ಕಚೇರಿಗೆ ಹೋದಾಗ, ಬೀದರಿನ ಕಡೆಯವನೂ ಪೇಪರು ಓದುವವನೂ ಆದ ಜವಾನನು ಅವರನ್ನು ಬಾಗಿಲಲ್ಲೇ ತಡೆದು ಯಾರು ಬೇಕೆಂದು ವಿಚಾರಿಸಿದನು. ರಾಯರು ಕೋಪ ಮಾಡಿಕೊಳ್ಳದೆ ಚೀಲದಿಂದ ಟೋಪಿ ತೆಗೆದು ಹಾಕಿಕೊಂಡರು. ಜವಾನನು ಎದ್ದು ನಮಸ್ಕಾರ ಮಾಡಿ ಒಳಗೆ ಬಿಟ್ಟನು. ಅಂದಿನಿಂದ ರಾಯರು ಟೋಪಿಯಿಲ್ಲದೆ ಹೊರಗೆ ಬರುವುದಿಲ್ಲ. ಮನೆಯಲ್ಲಿ ಮಾತ್ರ, ಊಟದ ಹೊತ್ತಿಗೆ, ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳಬಹುದೆಂದು ಯಮುನಾಬಾಯಿ ಅನುಮತಿ ಕೊಟ್ಟಿದ್ದಾರೆ.